ನೂರರೊಳಗೆ

ಪ್ರಥಮ ಚಿಕಿತ್ಸೆಯ ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂತು ಅವನು ಬೂಟು ಬಿಚ್ಚಿದ. ಆಮೇಲೆ ಕಾಲುಚೀಲವನ್ನೂ ಬಿಚ್ಚಿದ. ಕಾಲುಚೀಲಕ್ಕೆ ಎಷ್ಟು ತೂಕವಿದ್ದೀತು ಎಂದು ತನ್ನನ್ನೇ ಕೇಳಿಕೊಂಡು, ನಲವತ್ತೆಂಟು ವರ್ಷದ ಗಂಡಸು ಕೇಳಿಕೊಳ್ಳುವ ಪ್ರಶ್ನೆಯೇ ಇದು ಎಂದು ನಾಚಿಕೆಪಟ್ಟು, ಆದರೂ ಕೈಗಡಿಯಾರವನ್ನೂ ಬಿಚ್ಚಿ ಬೂಟಿನೊಳಗೆ ಹಾಕಿದ. ಜೇಬಿನಲ್ಲಿದ್ದ ಬೀಗದ ಕೈ, ಬಾಚಣಿಗೆ, ಕರವಸ್ತ್ರ ಒಂದೊಂದಾಗಿ ಹೊರಬಂದವು. ನಿನ್ನೆ ಮಧ್ಯಾಹ್ನದಿಂದ ಅವನು ನೀರು ಕುಡಿದಿರಲಿಲ್ಲ. ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು, ಬಾಯಿ ತೆರೆದರೆ ಕೊಳೆತ ಹಣ್ಣಿನ ವಾಸನೆ ಅವನ ಮೂಗಿಗೇ ಬಡಿಯುತ್ತಿತ್ತು. ಕಿಟಕಿಯಾಚೆ, ಅರ್ಧ ಎದ್ದ ಕಟ್ಟಡದ ಪಕ್ಕದಲ್ಲಿ, ಅವನ ಕ್ರೇನು ಕೈ ಚಾಚಿ ಸುಮ್ಮನೆ ನಿಂತಿತ್ತು. ಇಪ್ಪತ್ತೆರಡು ವರ್ಷದಿಂದ ಇಂಥ ಕ್ರೇನುಗಳ ತಲೆಯ ಮೇಲಿನ ಗಾಜಿನ ಗೂಡಿನಲ್ಲಿ ಕೂತು, ಕೆಳಗಿನವರು ಹೊರಲಾರದ್ದನ್ನೆಲ್ಲ ಎತ್ತಿದವನು, ಇಳಿಸಿದವನು. ಎರಡು ಟನ್ನಿನ ಕಬ್ಬಿಣವನ್ನು ಮೊಟ್ಟೆಯ ಹಾಗೆ ನೆಲಕ್ಕೆ ಮುಟ್ಟಿಸುತ್ತಾನೆ ಎಂದು ಹೆಸರು ಮಾಡಿದವನು. ಇವತ್ತು ಇಪ್ಪತ್ತೊಂದನೆಯ ದಿನ. ತೂಕ ನೂರು ಕಿಲೋದೊಳಗೆ ಬಂದಿದ್ದರೆ ಗೂಡು ಅವನದು. ಬರದಿದ್ದರೆ ನಾಳೆಯಿಂದ ಉಗ್ರಾಣದಲ್ಲಿ ಕೂತು ಮೊಳೆ ಎಣಿಸಬೇಕು.

"ಎಷ್ಟು ಇಳಿದುಬಿಟ್ಟಿದ್ದೀರಿ ಅಣ್ಣ! ದೂರದಿಂದ ನಾನು ಗುರುತೇ ಹಿಡೀಲಿಲ್ಲ," ಎಂದ ಪಕ್ಕದಲ್ಲಿ ಕೂತಿದ್ದ ಲಿಫ್ಟಿನವನು. ಕಟ್ಟಡದ ಹೊರಮೈಗೆ ಕಟ್ಟಿದ ತಂತಿಬಲೆಯ ಲಿಫ್ಟಿನಲ್ಲಿ ಕೂಲಿಯವರನ್ನು ಹತ್ತಿಸಿ ಇಳಿಸುವವನು, ಅವನದೇ ವಯಸ್ಸಿನವನು, ಅವನಿಗಿಂತ ಒಂದು ಕೈ ಹೆಚ್ಚೇ ದಪ್ಪ. ಇವತ್ತು ಲಿಫ್ಟಿನವನ ಮೊದಲನೆಯ ದಿನ. "ನನಗೂ ಇದೇ ಪುಡಿಯಂತೆ, ಇದೇ ಇಪ್ಪತ್ತೊಂದು ದಿನ. ನಿಜ ಹೇಳಿ, ಕಷ್ಟ ಆಗುತ್ತಾ?" ಅವನ ಹೊಟ್ಟೆಯೇ ತಾಳ ಹಾಕಿ ಉತ್ತರ ಕೊಟ್ಟಿತು. ಲಿಫ್ಟಿನವನು ಪಾಪ, ಕೇಳಿಸದವನ ಹಾಗೆ ಗೋಡೆಯ ಕಡೆ ನೋಡಿದ. ಗೋಡೆಯ ಮೇಲೆ ಡಾಕ್ಟರು ಅಂಟಿಸಿದ್ದ ಹಾಳೆಯಲ್ಲಿ ದಪ್ಪಕ್ಷರದಲ್ಲಿ ಬರೆದಿತ್ತು: ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ. ಇಪ್ಪತ್ತೊಂದು ದಿನದಿಂದ ಊಟವೂ ಇಲ್ಲ, ಮೂರು ದಿನದಿಂದ ಮಾತೂ ಇಲ್ಲ. ಹಾಗಾದರೆ ನಾನು ಯಾವ ಸೀಮೆಯ ಜಾಣ ಎಂದುಕೊಂಡು ಅವನಿಗೆ ಒಳಗೊಳಗೇ ಉರಿಯಿತು. ಹಾಳೆಯನ್ನು ಹರಿದು ಉಂಡೆ ಮಾಡಿ ಬಿಸಾಡಬೇಕೆನ್ನಿಸಿತು. ಆದರೆ ಈಗೀಗ ಎದ್ದು ನಿಲ್ಲುವುದಕ್ಕೆ ಮೊದಲು ಯೋಚನೆ ಮಾಡಬೇಕಾಗುತ್ತಿತ್ತು. ಬೇಗ ಎದ್ದರೆ ಕಣ್ಣಿಗೆ ಕತ್ತಲು ಕವಿಯುತ್ತಿತ್ತು. ಕೂತೇ ಇದ್ದ.

ಎಲ್ಲಾ ಶುರುವಾದದ್ದು ಒಂದು ಬೆಲ್ಟಿನಿಂದ. ಏಣಿ ಹತ್ತುವಾಗ ಸೊಂಟಕ್ಕೂ ಹೆಗಲಿಗೂ ಕಟ್ಟಿಕೊಳ್ಳುವ ಸೇಫ್ಟಿ ಬೆಲ್ಟಿನ ಒಳಮಗ್ಗುಲಲ್ಲಿ ಒಂದು ಚೀಟಿ ಹೊಲಿದಿರುತ್ತದೆ. ಇಪ್ಪತ್ತೆರಡು ವರ್ಷದಲ್ಲಿ ಅದನ್ನು ಯಾರೂ ಓದಿರಲಿಲ್ಲ. ಹೊಸದಾಗಿ ಬಂದ ಸೇಫ್ಟಿ ಆಫೀಸರು, ಇನ್ನೂ ಮೀಸೆ ಸರಿಯಾಗಿ ಬಲಿಯದವರು, ಕನ್ನಡಕ ಮೇಲಕ್ಕೆ ತಳ್ಳಿ ಅದನ್ನು ಓದಿದರು. ಗರಿಷ್ಠ ನೂರು ಕಿಲೋ. "ನಿಮ್ಮ ತೂಕ ಎಷ್ಟು?" ಎಂದರು, ಎಲ್ಲರ ಮುಂದೆ. ಡಾಕ್ಟರ ಯಂತ್ರದ ಮುಳ್ಳು ಕೊನೆಗೆ ಹೋಗಿ ಅಲ್ಲೇ ನಿಂತುಬಿಟ್ಟಾಗ, ಅವನನ್ನು ಉಗ್ರಾಣಕ್ಕೆ ಕರೆದುಕೊಂಡು ಹೋಗಿ, ಹಳೆಯ ಕಬ್ಬಿಣ ತೂಗುವ ದೊಡ್ಡ ತಕ್ಕಡಿಯ ಮೇಲೆ ನಿಲ್ಲಿಸಿದರು. ಉಗ್ರಾಣದವನು ಅಭ್ಯಾಸಬಲದಿಂದ, ಲಾರಿಯವನಿಗೆ ಕೂಗಿ ಹೇಳುವ ಹಾಗೆ, "ನೂರ ಹನ್ನೊಂದು!" ಎಂದು ಇಡೀ ಅಂಗಳಕ್ಕೆ ಕೇಳುವ ಹಾಗೆ ಕೂಗಿದ. ಕೂಗಿದ ಮೇಲೆ ನಾಲಿಗೆ ಕಚ್ಚಿಕೊಂಡ, ನಿಜ. ಆದರೆ ಅಷ್ಟರಲ್ಲಿ ಯಾರೋ ನಕ್ಕಾಗಿತ್ತು, ಯಾರೋ "ಕ್ರೇನನ್ನು ಎತ್ತೋಕೆ ಇನ್ನೊಂದು ಕ್ರೇನು ತರಿಸಿ" ಎಂದಾಗಿತ್ತು. ನೂರ ನಲವತ್ತು ಕಿಲೋ ತಡೆಯುವ ಬೆಲ್ಟೂ ಸಿಗುತ್ತದೆ ಎಂದು ಅವನು ಹೇಳಿದ. ಹಿಂದಿನ ಕೆಲಸದ ಕಡೆ ಕಣ್ಣಾರೆ ಕಂಡಿದ್ದ. "ಅದು ತರಿಸೋಕೆ ಮೇಲಿನವರ ಒಪ್ಪಿಗೆ ಬೇಕು, ಮೂರು ತಿಂಗಳಾಗುತ್ತೆ," ಎಂದರು ಆಫೀಸರು. "ನೀವು ಮನಸ್ಸು ಮಾಡಿದರೆ ಮೂರು ವಾರ ಸಾಕು. ಅಲ್ಲೀವರೆಗೆ ಹೀಗೇ ಹತ್ತಿ, ಬದಲಿಗೆ ಬೇರೆ ಯಾರೂ ಇಲ್ಲ." ಅಲ್ಲ, ಬೆಲ್ಟನ್ನು ದೊಡ್ಡದು ಮಾಡುವುದಕ್ಕಿಂತ ಮನುಷ್ಯನನ್ನು ಚಿಕ್ಕದು ಮಾಡುವುದು ಸುಲಭ ಎಂದು ಇವರಿಗೆ ಯಾವ ಶಾಲೆಯಲ್ಲಿ ಹೇಳಿಕೊಟ್ಟರು? ಆವತ್ತು ಕೇಳಬೇಕಾಗಿದ್ದ ಪ್ರಶ್ನೆ ಇವತ್ತು ಬೆಂಚಿನ ಮೇಲೆ ಹೊಳೆಯುತ್ತಿತ್ತು. ಆವತ್ತು ಅವನು "ಆಗಲಿ ಸಾರ್" ಎಂದಿದ್ದ.

ಡಾಕ್ಟರು ಕೊಟ್ಟದ್ದು ಪುಡಿಯ ಪೊಟ್ಟಣ. ದಿನಕ್ಕೆ ನಾಲ್ಕು, ನೀರಿಗೆ ಕಲಸಿ ಕುಡಿಯುವುದು, ಮತ್ತೇನೂ ಇಲ್ಲ. ಸುಳ್ಳು ಹೇಳಬಾರದು, ಮೊದಲ ವಾರ ಅವನಿಗೆ ರೆಕ್ಕೆ ಬಂದ ಹಾಗಾಗಿತ್ತು. ಐದು ಕಿಲೋ ನೀರಿನಂತೆ ಇಳಿದುಹೋಯಿತು. ಗೂಡಿನವರೆಗಿನ ಏಣಿಯಲ್ಲಿ ಐದು ಕಡೆ ನಿಂತು ಸುಧಾರಿಸಿಕೊಳ್ಳುತ್ತಿದ್ದವನು ಎರಡೇ ಕಡೆ ನಿಂತ. ಇಳಿಯುವಾಗ ಕಿರುಗುಟ್ಟುತ್ತಿದ್ದ ಮಂಡಿ ಬಾಯಿ ಮುಚ್ಚಿಕೊಂಡಿತು. ರಕ್ತದಲ್ಲಿನ ಸಕ್ಕರೆ ಇಳಿದಿದೆ ಎಂದು ಡಾಕ್ಟರು ಬೆನ್ನು ತಟ್ಟಿದರು, ಅದೂ ನಿಜವೇ. ಎಲ್ಲಕ್ಕಿಂತ ಹೆಚ್ಚಾಗಿ ಅವನ ಗೊರಕೆ ನಿಂತಿತು. ಆರು ವರ್ಷದಿಂದ ದಿಂಬು ಹೊತ್ತುಕೊಂಡು ಪಕ್ಕದ ಕೋಣೆಗೆ ಹೋಗಿ ಮಲಗುತ್ತಿದ್ದ ಹೆಂಡತಿ ಎಂಟನೆಯ ದಿನ, ಏನೂ ಹೇಳದೆ, ದಿಂಬನ್ನು ವಾಪಸು ತಂದು ಅವನ ದಿಂಬಿನ ಪಕ್ಕ ಇಟ್ಟಳು. ಬೆಳಿಗ್ಗೆ ಎದ್ದು, "ರೀ, ಉಸಿರು ಆಡುತ್ತಾ ಇದೆಯಾ ಅಂತ ಎರಡು ಸಲ ಮೂಗಿನ ಹತ್ತಿರ ಕೈ ಹಿಡಿದು ನೋಡಿದೆ," ಎಂದು ನಕ್ಕಳು. ಆ ನಗುವಿಗಾಗಿ ಅವನು ಇನ್ನೂ ನಲವತ್ತು ದಿನ ಬೇಕಾದರೂ ಪುಡಿ ಕುಡಿಯುತ್ತಿದ್ದ. ಹಳೆಯ ಪ್ಯಾಂಟು ಸೊಂಟದಲ್ಲಿ ನಿಲ್ಲದೆ ದಾರ ಕಟ್ಟಿಕೊಂಡಾಗ ಕನ್ನಡಿಯ ಮುಂದೆ ಪಕ್ಕಕ್ಕೆ ತಿರುಗಿ ನಿಂತು ನೋಡಿಕೊಂಡದ್ದೂ ಉಂಟು. ಹೊಗಳಿಕೆ ಹೊಟ್ಟೆ ತುಂಬಿಸುವುದಿಲ್ಲ, ಆದರೆ ಹಸಿವನ್ನು ಸ್ವಲ್ಪ ಹೊತ್ತು ಮರೆಸುತ್ತದೆ. ಆ ಒಂದು ವಾರ ಅವನು ಸುಖಿಯಾಗಿದ್ದ.

ಎರಡನೆಯ ವಾರದಲ್ಲಿ ತಕ್ಕಡಿಯ ಮುಳ್ಳು ಅಲ್ಲಾಡುವುದನ್ನು ನಿಲ್ಲಿಸಿತು. ನೂರ ಐದಕ್ಕೆ ಬಂದು ಅಲ್ಲೇ ಕೂತುಬಿಟ್ಟಿತು, ಮದುವೆಯ ಮನೆಗೆ ಬಂದು ಹೊರಡದ ನೆಂಟನ ಹಾಗೆ. ಡಾಕ್ಟರು ನಾಲ್ಕು ಪೊಟ್ಟಣವನ್ನು ಮೂರು ಮಾಡಿದರು. ಬಿಸಿಲಿನಲ್ಲಿ ನಿಂತರೂ ಕೈ ತಣ್ಣಗಿರುತ್ತಿತ್ತು. ಬಾಚಣಿಗೆಯ ತುಂಬ ಕೂದಲು. ಹೆಂಡತಿ ತಟ್ಟೆ ಇಡುವ ಸದ್ದಿಗೇ ಸಿಟ್ಟು ಬರುತ್ತಿತ್ತು, ಮಗಳು ಬ್ರೆಡ್ಡು ಅಗಿಯುವ ಸದ್ದಿಗೆ ಎದ್ದು ಹೊರಗೆ ಹೋಗಬೇಕೆನ್ನಿಸುತ್ತಿತ್ತು. ಹದಿನೈದನೆಯ ದಿನ ತಟ್ಟೆಯನ್ನೇ ಗೋಡೆಗೆ ಎಸೆದ. ಚೂರುಗಳನ್ನು ಆರಿಸುತ್ತಾ ಹೆಂಡತಿ, "ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಅನ್ನೋ ಹಾಗಾಯ್ತು ನಿಮ್ಮ ಗೂಡಿನ ಕಥೆ. ಉಗ್ರಾಣದಲ್ಲೇ ಕೂತರೆ ಏನು ಗಂಟು ಹೋಗುತ್ತೆ?" ಎಂದಳು. ಅವಳಿಗೆ ಏನೆಂದು ಹೇಳುವುದು? ಮೇಲೆ ಕೂತಾಗ ತನಗೆ ಮೈಯೇ ಇರುವುದಿಲ್ಲ, ಕ್ರೇನಿನ ಉದ್ದದ ತೋಳೇ ತನ್ನ ತೋಳು, ಅಲ್ಲಿ ತನ್ನನ್ನು ಯಾರೂ ಮೂಟೆ ಅನ್ನುವುದಿಲ್ಲ ಎಂದು ಹೇಳುವುದೇ? ತಲೆ ಸುತ್ತುತ್ತದೆ ಎಂದು ಡಾಕ್ಟರಿಗೆ ಹೇಳಿದ. "ಕೊಬ್ಬು ಕರಗುವಾಗ ಹಾಗೇ," ಎಂದರು. ಮಾತು ಅರ್ಥವಾಗುವುದಕ್ಕೆ ತಡವಾಗುತ್ತಿದೆ, ಒಂದೊಂದು ಸಲ ಕಿವಿಯಲ್ಲಿ ಏನೇನೋ ಸದ್ದು ಎಂದ. ಡಾಕ್ಟರು ಬರೆಯುವುದನ್ನು ನಿಲ್ಲಿಸದೆ, "ನಿಮ್ಮದು ಕೂತು ಮಾಡೋ ಕೆಲಸ ತಾನೇ?" ಎಂದು ಕೇಳಿದರು. ಕೂತು ಮಾಡುವ ಕೆಲಸ! ಹದಿನಾಲ್ಕು ಮಹಡಿಯ ಎತ್ತರದಲ್ಲಿ ಕೂತು, ಎಪ್ಪತ್ತು ಜನರ ತಲೆಯ ಮೇಲೆ ಕಬ್ಬಿಣ ತೂಗಾಡಿಸುವವನನ್ನು, ಗುಮಾಸ್ತನನ್ನು ಕೇಳುವ ಹಾಗೆ ಕೇಳಿದರು. ಹೌದು ಸಾರ್, ಕೂತು ಮಾಡುವುದೇ ಎಂದ ಅವನು. ತನ್ನ ಈ ಹೌದು ಸಾರ್‌ಗಳನ್ನೆಲ್ಲ ನೆನೆದರೆ ಅವನಿಗೆ ಡಾಕ್ಟರಿಗಿಂತ ತನ್ನ ಮೇಲೆಯೇ ಹೆಚ್ಚು ಅಸಹ್ಯವಾಗುತ್ತಿತ್ತು.

"ಗಿಳಿಯನ್ನ ಇವತ್ತಿಂದ ಗೇಟಿಗೆ ಹಾಕಿದ್ದಾರಂತೆ," ಎಂದ ಲಿಫ್ಟಿನವನು, ಮಾತು ಬದಲಾಯಿಸುವವನ ಹಾಗೆ. "ಬಾವುಟ ಹಿಡಿದು ಲಾರಿ ಒಳಗೆ ಬಿಡೋ ಕೆಲಸ. ಒಂಬತ್ತು ವರ್ಷ ನಿಮ್ಮ ಕ್ರೇನಿಗೆ ಸಿಗ್ನಲ್ ಕೊಟ್ಟೋನಿಗೆ! ಆದರೂ ಅವನದೂ ತಪ್ಪು ಬಿಡಿ ಅಣ್ಣ. ಒಂದು ಹೆಣ ಬೀಳ್ತಿತ್ತು." ಅವನು ಹೆಗಲನ್ನು ಒರೆಸಿಕೊಂಡ. ಅಲ್ಲೇನೂ ಅಂಟಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ ಎನ್ನುವ ಮಾತು ಎಷ್ಟು ನಿಜ ಎಂದು ಅರಿವಾಗಿ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡ.

ಗೂಡಿನಲ್ಲಿ ಕೂತವನಿಗೆ ಎಲ್ಲವೂ ಕಾಣುವುದಿಲ್ಲ. ಕಟ್ಟಡದ ಹಿಂದಿನ ಆಳದ ಗುಂಡಿ ಕಾಣುವುದೇ ಇಲ್ಲ. ಅಲ್ಲಿಗೆ ಕಬ್ಬಿಣ ಇಳಿಸುವಾಗ ಗುಂಡಿಯ ಅಂಚಿನಲ್ಲಿ ಗಿಳಿ ನಿಂತಿರುತ್ತಾನೆ, ವಾಕಿಟಾಕಿ ಹಿಡಿದು. ಅವನ ಕಣ್ಣೇ ಇವನ ಕಣ್ಣು. "ಇಳಿಸು, ಇಳಿಸು, ಇಳಿಸು" ಎಂದು ಎಡೆಬಿಡದೆ ಹೇಳುತ್ತಲೇ ಇರುತ್ತಾನೆ, ಅದಕ್ಕೇ ಆ ಅಡ್ಡಹೆಸರು. ನಿಯಮ ಒಂದೇ. ದನಿ ಇರುವವರೆಗೆ ಕೈ ಆಡಬೇಕು, ದನಿ ನಿಂತರೆ ಕೈ ನಿಲ್ಲಬೇಕು. ನಿಲ್ಲಿಸು ಎಂದು ಹೇಳುವುದಕ್ಕೆ ಕಾಯಬಾರದು. ಯಂತ್ರ ಕೆಟ್ಟಿರಬಹುದು, ಹೇಳುವವನು ಎಡವಿ ಬಿದ್ದಿರಬಹುದು, ಸುಮ್ಮನಾದರೆ ನಿಲ್ಲು, ಅಷ್ಟೇ. ಒಂಬತ್ತು ವರ್ಷದಲ್ಲಿ ಅವರಿಬ್ಬರೂ ಒಟ್ಟಿಗೆ ಕೂತು ಮಾತಾಡಿದ್ದು ಕಡಿಮೆ. ಒಬ್ಬ ಮೇಲೆ, ಒಬ್ಬ ಕೆಳಗೆ. ಆದರೂ ಮೊದಲ ಇಳಿಸುವಿನಲ್ಲೇ ಅವನಿಗೆ ತಿಳಿಯುತ್ತಿತ್ತು: ಗಿಳಿಗೆ ಇವತ್ತು ನೆಗಡಿ, ಇವತ್ತು ಹೆಂಡತಿಯೊಡನೆ ಜಗಳ, ಇವತ್ತು ಮಗಳು ಪಾಸಾಗಿದ್ದಾಳೆ. ಗಿಳಿಯೂ ಕೊಕ್ಕೆ ಅಲ್ಲಾಡುವುದನ್ನು ನೋಡಿಯೇ, "ಏನೋ, ಇವತ್ತು ಕೈ ಬಿಗಿಯಾಗಿದೆ?" ಎಂದು ಕೇಳುತ್ತಿದ್ದ. ಹದಿನೇಳನೆಯ ದಿನವೂ ಕೇಳಿದ್ದ. "ಏನಾದ್ರೂ ತಿನ್ನೋ ಮಾರಾಯ. ನಿನ್ನ ಕೊಕ್ಕೆ ಕುಡಿದೋರ ಹಾಗೆ ಓಲಾಡ್ತಿದೆ," ಎಂದಿದ್ದ. ಅವನು ವಾಕಿಟಾಕಿಯಲ್ಲಿ ಎಲ್ಲರಿಗೂ ಕೇಳುವ ಹಾಗೆ, "ನಿನ್ನ ಕೆಲಸ ನೀನು ನೋಡ್ಕೋ" ಎಂದು ಗದರಿದ್ದ.

ಹದಿನೆಂಟನೆಯ ದಿನ, ಬೆಳಗಿನ ಹನ್ನೊಂದು ಗಂಟೆ. ಎರಡು ಟನ್ನಿನ ಕಂಬಿಯ ಕಟ್ಟು ಗುಂಡಿಯೊಳಗೆ ಇಳಿಯುತ್ತಿತ್ತು. ಇಳಿಸು, ಇಳಿಸು, ಇಳಿಸು. ಗಾಜಿನ ಮೇಲೆ ಬಿಸಿಲು. ಅವನು ಅನ್ನದ ಬಗ್ಗೆ ಯೋಚಿಸುತ್ತಿರಲಿಲ್ಲ, ಅನ್ನದ ಯೋಚನೆಯೂ ಹೋಗಿ ನಾಲ್ಕು ದಿನವಾಗಿತ್ತು. ಏನನ್ನೂ ಯೋಚಿಸದ, ತಲೆಯೊಳಗೆ ಹತ್ತಿ ತುಂಬಿದ ಹಾಗಿನ ಒಂದು ಹಿತ. ಇಳಿಸು, ಇಳಿಸು. ಆಮೇಲೆ ಹನ್ನೆರಡನೆಯ ಮಹಡಿಯಲ್ಲಿ ಹಲಗೆ ಹೊಡೆಯುತ್ತಿದ್ದ ಬಡಗಿಗಳು ಹುಚ್ಚು ಹಿಡಿದವರ ಹಾಗೆ ಅವನ ಕಡೆ ಕೈ ಬೀಸುತ್ತಿರುವುದು ಕಂಡಿತು. ಇವರಿಗೇನಾಯಿತು ಎಂದುಕೊಂಡ. ಆ ಯೋಚನೆ ಮುಗಿಯುವ ಹೊತ್ತಿಗೆ ಕೈ ತಾನಾಗಿ ಕ್ರೇನಿನ ಹಿಡಿಕೆಯಿಂದ ಕಳಚಿ ಬಂದಿತ್ತು. ಕೆಳಗೆ, ಜಾರಿಬಿದ್ದ ಇಕ್ಕಳ ಹುಡುಕಿಕೊಂಡು ಬಗ್ಗಿದ್ದ ಕಂಬಿ ಕಟ್ಟುವವನ ಬೆನ್ನಿನಿಂದ ಒಂದು ಗೇಣು ಮೇಲೆ ಕಟ್ಟು ನಿಂತಿತ್ತು. ಬಗ್ಗಿದವನಿಗೆ ಗೊತ್ತೇ ಇಲ್ಲ. ಇಕ್ಕಳ ಸಿಕ್ಕಿ, ಎದ್ದು, ತಲೆಯ ಟೋಪಿ ಕಟ್ಟಿಗೆ ತಾಗಿದಾಗ ಮೇಲೆ ನೋಡಿ, ಅಲ್ಲೇ ಕೂತುಬಿಟ್ಟನಂತೆ. ಅವನು ಬಗ್ಗಿದ್ದನ್ನು ಕಂಡೊಡನೆ ಗಿಳಿ ದನಿ ನಿಲ್ಲಿಸಿದ್ದ. ದನಿ ನಿಲ್ಲಿಸಿದರೂ ಕಟ್ಟು ಇಳಿಯುತ್ತಲೇ ಇರುವುದನ್ನು ನೋಡಿ, ವಾಕಿಟಾಕಿಯನ್ನು ಕೈಬಿಟ್ಟು, ಬಾಯಿ ಬಡಿದುಕೊಳ್ಳುತ್ತಾ ಗುಂಡಿಯ ಕಡೆ ಓಡಿದ್ದ. ನಾಲ್ಕು ಸೆಕೆಂಡು. ಆ ನಾಲ್ಕು ಸೆಕೆಂಡೂ ಮೇಲೆ ಗೂಡಿನಲ್ಲಿದ್ದ ಅವನ ಕಿವಿಗೆ ಇಳಿಸು ಕೇಳಿಸುತ್ತಲೇ ಇತ್ತು.

ಏಣಿ ಇಳಿಯುವಾಗಲೇ ಅವನಿಗೆ ಗೊತ್ತಾಗಿತ್ತು. ವಾಕಿಟಾಕಿಯಲ್ಲಿ ಬರುವ ದನಿಯ ಬೆನ್ನಿಗೆ ಯಾವಾಗಲೂ ಒಂದು ಖರಖರ ಇರುತ್ತದೆ. ಕೊನೆಯ ಮೂರು ನಾಲ್ಕು ಇಳಿಸುಗಳಿಗೆ ಆ ಖರಖರ ಇರಲಿಲ್ಲ. ತುಂಬ ಸ್ವಚ್ಛವಾಗಿ, ಮೆತ್ತಗೆ, ಯಾರೋ ಕಿವಿಯೊಳಗೇ ಕೂತು ಹೇಳಿದ ಹಾಗಿದ್ದವು. ಕೆಳಗೆ ಜನ ಸೇರಿದ್ದರು. ಸೇಫ್ಟಿ ಆಫೀಸರು ಬಿಳಿಚಿಕೊಂಡ ಮುಖದಲ್ಲಿ ಕೇಳಿದರು, "ಇಳಿಸು ಅಂತ ನಿಮಗೆ ಕೇಳಿಸ್ತಾ ಇತ್ತಾ?" ಅವನು, "ಕೇಳಿಸ್ತಾ ಇತ್ತು ಸಾರ್" ಎಂದ. ಸುಳ್ಳಲ್ಲ. ಅದೇ ದರಿದ್ರ, ಅದು ಸುಳ್ಳಲ್ಲ. ಒಂದೇ ಒಂದು ಮಾತು ಸೇರಿಸಬೇಕಾಗಿತ್ತು, ಅದು ಗಿಳಿಯ ದನಿ ಅಲ್ಲ ಎಂದು. ಸೇರಿಸಿದ್ದರೆ ಗೂಡು ಹೋಗುತ್ತಿತ್ತು, ಹದಿನೆಂಟು ದಿನದ ಹಸಿವು ಮಣ್ಣುಪಾಲಾಗುತ್ತಿತ್ತು. ಎಲ್ಲರ ಕಣ್ಣೂ ಗಿಳಿಯ ಕಡೆ ತಿರುಗಿತು. "ನಾನು ನಿಲ್ಲಿಸಿದ್ದೆ ಸಾರ್," ಎಂದ ಗಿಳಿ. ಮತ್ತೆ, "ನಿಲ್ಲಿಸಿದ್ದೆ ಅಂತ ಕಾಣುತ್ತೆ," ಎಂದ. ಆ ಅಂತ ಕಾಣುತ್ತೆ ಎನ್ನುವುದನ್ನು ಆಫೀಸರು ಹಿಡಿದುಕೊಂಡರು. ಸಂಜೆಯೊಳಗೆ ಗಿಳಿಗೆ ಮೆಮೊ ಬಂತು: ಸಕಾಲದಲ್ಲಿ ಸೂಚನೆ ನಿಲ್ಲಿಸದೆ ಅಜಾಗರೂಕತೆ. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ. ಬರೆ ಎಳೆದವರು ಆಫೀಸರು, ಆದರೆ ಕಬ್ಬಿಣ ಕಾಯಿಸಿ ಕೊಟ್ಟವನು ನಾನು ಎಂದು ಅವನು ಮೂರು ದಿನದಿಂದ ತನಗೇ ಹೇಳಿಕೊಳ್ಳುತ್ತಿದ್ದ. ಹೇಳಿಕೊಂಡು, ಮೂರು ಪೊಟ್ಟಣವನ್ನು ಎರಡಕ್ಕಿಳಿಸಿ, ಕೊನೆಗೆ ನೀರನ್ನೂ ಬಿಟ್ಟು, ಇಲ್ಲಿಗೆ ಬಂದು ಕಾಲುಚೀಲ ಬಿಚ್ಚಿದ್ದ.

ಒಳಗೆ ಕರೆದರು. ಹೊಸ ಯಂತ್ರ ತರಿಸಿದ್ದರು, ಅಂಕಿ ಬೆಳಕಾಗಿ ಮೂಡುವಂಥದ್ದು. ದೊಡ್ಡ ಬೆಲ್ಟು ತರಿಸಲು ಮೂರು ತಿಂಗಳು ಬೇಕಾದವರಿಗೆ ಈ ಯಂತ್ರ ಮೂರು ವಾರದಲ್ಲಿ ಬಂದಿತ್ತು. ತಣ್ಣನೆಯ ಗಾಜಿನ ಮೇಲೆ ಬರಿಗಾಲು ಇಟ್ಟ. ಅಂಕಿಗಳು ಓಡಾಡಿ, ತಡವರಿಸಿ, ತೊಂಬತ್ತೊಂಬತ್ತು ಪಾಯಿಂಟ್ ಮೂರರಲ್ಲಿ ನಿಂತವು. ಡಾಕ್ಟರು ಚಪ್ಪಾಳೆ ತಟ್ಟಿದರು. ಸೇಫ್ಟಿ ಆಫೀಸರು ಅವನ ಕೈ ಹಿಡಿದು ಕುಲುಕಿ, ಫೋನು ತೆಗೆದು ಯಂತ್ರದ ಮೇಲೆ ನಿಂತ ಹಾಗೆಯೇ ಫೋಟೋ ಹಿಡಿದರು. "ಮೇಲಿನ ಆಫೀಸಿಗೆ ಕಳಿಸ್ತೀನಿ. ನೀವು ಎಲ್ಲರಿಗೂ ಮಾದರಿ," ಎಂದರು. ಅವನಿಗೆ ಸಂತೋಷವಾಯಿತು. ಇದನ್ನೂ ಹೇಳಬೇಕು. ಆ ಅಂಕಿಯನ್ನು ನೋಡಿದ ಕ್ಷಣ, ಗಿಳಿಯೂ ಮರೆತುಹೋಗಿ, ಕಂಬಿ ಕಟ್ಟುವವನ ಬೆನ್ನೂ ಮರೆತುಹೋಗಿ, ಅವನಿಗೆ ಶುದ್ಧವಾದ ಸಂತೋಷವಾಯಿತು. ಆಮೇಲೆ ಆ ಸಂತೋಷ ಆದದ್ದಕ್ಕೇ ನಾಚಿ, ಯಂತ್ರದಿಂದ ಇಳಿದು ಗೋಡೆ ಹಿಡಿದುಕೊಂಡ. ಮೇಜಿನ ಮೇಲೆ ಲಿಫ್ಟಿನವನ ಹೆಸರು ಬರೆದ ಪುಡಿಯ ಡಬ್ಬಿ ಸಿದ್ಧವಾಗಿ ಕೂತಿತ್ತು.

ಬೆಳಗಿನ ಸಭೆಗೆ ಎಲ್ಲರೂ ಅಂಗಳದಲ್ಲಿ ಸಾಲಾಗಿ ನಿಂತಿದ್ದರು, ತಲೆಯ ಮೇಲೆ ಹಳದಿ ಟೋಪಿ, ಕೈಯಲ್ಲಿ ಕೈಗವಸು. ಮೊದಲ ಸಾಲಿನಲ್ಲಿ ಕಂಬಿ ಕಟ್ಟುವವನು, ಹೆಂಗಸರ ಸಾಲಿನ ಪಕ್ಕದಲ್ಲಿ ಬಡಗಿಗಳು, ಬೂಟು ಕೈಯಲ್ಲಿ ಹಿಡಿದು ಈಗಷ್ಟೇ ಬಂದ ಲಿಫ್ಟಿನವನು, ಅವನ ಕಂಕುಳಲ್ಲಿ ಡಬ್ಬಿ. ಗೇಟಿನ ಹತ್ತಿರ, ಎಲ್ಲರಿಗಿಂತ ದೂರ, ಕೈಯಲ್ಲಿ ಕೆಂಪು ಬಾವುಟ ಹಿಡಿದು ಗಿಳಿ. ಆಫೀಸರು ಮೈಕು ತೆಗೆದುಕೊಂಡು ಹನ್ನೊಂದು ಪಾಯಿಂಟ್ ಏಳು ಕಿಲೋದ ಕಥೆ ಹೇಳಿದರು, ಮನಸ್ಸಿದ್ದರೆ ಮಾರ್ಗ ಎಂದರು, ಸುರಕ್ಷತೆ ನಮ್ಮ ನಮ್ಮ ಮೈಯಿಂದಲೇ ಶುರುವಾಗಬೇಕು ಎಂದರು. ಜನ ಚಪ್ಪಾಳೆ ತಟ್ಟಿದರು. "ಎರಡು ಮಾತು ಹೇಳಿ. ಹೇಗೆ ಸಾಧಿಸಿದಿರಿ ಅಂತ," ಎಂದು ಮೈಕನ್ನು ಅವನ ಕೈಗೆ ಕೊಟ್ಟರು. ಮೈಕು ಭಾರವಾಗಿತ್ತು. ಅವನು ಲಿಫ್ಟಿನವನ ಮುಖ ನೋಡಿದ. ಆ ದುಂಡು ಮುಖ ಅವನನ್ನೇ ನಂಬಿ, ಬಾಯಿ ಸ್ವಲ್ಪ ತೆರೆದು, ಕಾಯುತ್ತಿತ್ತು. ಇವತ್ತಿನಿಂದ ಇಪ್ಪತ್ತೊಂದು ದಿನ ಇವನು ಮೂವತ್ತು ಜನರನ್ನು ತುಂಬಿಕೊಂಡು ಹತ್ತಿ ಇಳಿಯುತ್ತಾನೆ. ಹದಿನೆಂಟನೆಯ ದಿನ ಇವನ ಕಿವಿಯಲ್ಲಿ ಯಾರು ಮಾತಾಡುತ್ತಾರೆ?

"ಹೊಟ್ಟೆಗೆ ಹಾಕದೆ ಸಾಧಿಸಿದೆ," ಎಂದ. ಜನ ನಕ್ಕರು. "ನಗಬೇಡಿ. ಗೊರಕೆ ನಿಂತಿತು, ಮಂಡಿ ನೋವು ಹೋಯಿತು, ಅದೆಲ್ಲ ನಿಜ. ನಿಧಾನವಾಗಿ ಇಳಿಸಿದ್ದರೂ ಅದೆಲ್ಲ ಆಗ್ತಿತ್ತು. ನನಗೆ ಮೂರು ವಾರ ಕೊಟ್ಟರು. ತಲೆ ಸುತ್ತುತ್ತೆ ಅಂದರೆ ಕೂತು ಮಾಡೋ ಕೆಲಸ ತಾನೇ ಅಂದರು. ನಾನೂ ಹೌದು ಅಂದೆ." ನಾಲಿಗೆ ಒಣಗಿ ಮಾತು ಅಂಟುತ್ತಿತ್ತು. "ಮೊನ್ನೆ ಗಿಳಿ ದನಿ ನಿಲ್ಲಿಸಿದ್ದ. ನಿಲ್ಲಿಸಿದ ಮೇಲೂ ನನಗೆ ಕೇಳಿಸ್ತಾ ಇತ್ತು. ಅದು ಅವನ ದನಿ ಅಲ್ಲ. ನನ್ನ ತಲೆ ಕೆಟ್ಟಿತ್ತು."

ಯಾರೂ ನಗಲಿಲ್ಲ. ಆಫೀಸರು ನಗುಮುಖದಲ್ಲೇ ಹತ್ತಿರ ಬಂದು, ಕೆಳದನಿಯಲ್ಲಿ, "ಅದು ಬೇರೆ ವಿಷಯ. ಇವತ್ತು ತೂಕದ ವಿಷಯ ಮಾತ್ರ ಮಾತಾಡೋಣ," ಎಂದರು.

"ಇದೂ ತೂಕದ ವಿಷಯಾನೇ ಸಾರ್."

"ರಿಪೋರ್ಟು ಹೋಗಿ ಆಯ್ತು. ನೀವೇ ಹೇಳಿದ್ದು, ಕೇಳಿಸ್ತು ಅಂತ. ಈಗ ಸುಸ್ತಾಗಿದೀರಿ, ಏನೇನೋ ಮಾತಾಡ್ತಿದೀರಿ. ಬನ್ನಿ, ನೀರು ಕುಡೀರಿ." ಆಫೀಸರ ಕೈ ಮೈಕಿನ ಮೇಲೆ ಬಂತು. ಅವನಿಗೆ ಮೈಯೆಲ್ಲ ಉರಿದುಹೋಯಿತು. ಮೂರು ವಾರ ಸುಸ್ತಾಗಿದೆ ಎಂದಾಗ ಕೇಳಿಸದ ಕಿವಿಗೆ, ನಿಜ ಹೇಳಿದ ತಕ್ಷಣ ಸುಸ್ತು ಕಾಣಿಸಿತು. "ಇದನ್ನ ಬರೆಯೋವರೆಗೂ ನಾನು ಮೇಲೆ ಹತ್ತಲ್ಲ," ಎಂದ. "ನೂರರೊಳಗೆ ಬಂದಿದ್ದೀನಲ್ಲ, ಹತ್ತಬಹುದು. ಆದರೆ ಹತ್ತಲ್ಲ. ಈ ಹೊಟ್ಟೆ ಇಟ್ಟುಕೊಂಡು ನಿಮ್ಮ ತಲೆ ಮೇಲೆ ಕಬ್ಬಿಣ ಹಿಡಿಯಲ್ಲ." ಆಫೀಸರು ಮೈಕನ್ನು ಕಿತ್ತುಕೊಂಡರು. ಅದು ಕೀ ಎಂದು ಕಿರುಚಿ ಸುಮ್ಮನಾಯಿತು. ಲಿಫ್ಟಿನವನು ಕಂಕುಳಲ್ಲಿದ್ದ ಡಬ್ಬಿಯನ್ನು ನೆಲದ ಮೇಲೆ ಇಟ್ಟು, ಬೂಟು ಹಾಕಿಕೊಳ್ಳತೊಡಗಿದ.

ಅಷ್ಟರಲ್ಲಿ ಗಿಳಿ ಗೇಟು ಬಿಟ್ಟು ಬರುತ್ತಿದ್ದ. ಹಿಂದೆ ಎರಡು ಲಾರಿಗಳು ಹಾರ್ನು ಹೊಡೆಯುತ್ತಿದ್ದವು, ಅವನು ತಿರುಗಿಯೂ ನೋಡಲಿಲ್ಲ. ಸಾಲು ತಾನಾಗಿ ಸರಿದು ದಾರಿ ಕೊಟ್ಟಿತು. ಅಪ್ಪಿಕೊಳ್ಳುತ್ತಾನೇನೋ ಎಂದು ಒಂದು ಕ್ಷಣ, ಮೂರ್ಖನ ಹಾಗೆ, ಅವನು ಆಸೆಪಟ್ಟ. ಗಿಳಿ ಒಂದು ಮಾರು ದೂರದಲ್ಲಿ ನಿಂತ. ಮೂರು ದಿನದಲ್ಲಿ ಅವನ ಮುಖವೂ ಇಳಿದುಹೋಗಿತ್ತು. ಅದಕ್ಕೆ ಯಾರೂ ಚಪ್ಪಾಳೆ ತಟ್ಟಿರಲಿಲ್ಲ.

"ಮೂರು ದಿನ," ಎಂದ ಗಿಳಿ. "ಮೂರು ದಿನದಿಂದ ನನ್ನ ಬಾಯನ್ನ ನಾನೇ ನಂಬ್ತಿಲ್ಲ ಕಣೋ. ನಾನೇ ಅಂದುಬಿಟ್ನೇನೋ ಅಂತ. ಮನೇಲಿ ಅವಳು ಬಡಿಸ್ತಾಳೆ, ಸಾಕು ಅಂದ್ನಾ, ಅನ್ಲಿಲ್ವಾ ಅಂತ ಅವಳನ್ನೇ ಕೇಳ್ತೀನಿ. ಕನಸಲ್ಲಿ ಆ ಮನುಷ್ಯನ ಬೆನ್ನು ಮುರಿಯೋ ಸದ್ದು ಕೇಳ್ತೀನಿ. ಗೊತ್ತಿದ್ದೂ ನೀನು ಸುಮ್ಮನಿದ್ದೆ."

"ನೀನು ಅನ್ಲಿಲ್ಲ. ನೀನು ಸರಿಯಾಗಿ ನಿಲ್ಲಿಸಿದ್ದೆ."

"ಜೋರಾಗಿ ಹೇಳು."

"ಅವನು ನಿಲ್ಲಿಸಿದ್ದ! ತಪ್ಪು ನಂದು!" ಎಂದು ಅವನು ಸಾಲಿನ ಕಡೆ ತಿರುಗಿ ಕೂಗಿದ. ದನಿ ಒಡೆದು ಬಂತು.

"ಹಿಂದಿನವರಿಗೆ ಕೇಳಿಸ್ಲಿಲ್ಲ. ಇನ್ನೊಂದ್ಸಲ."

ಉಸಿರು ಎಳೆದುಕೊಂಡ. ಅಂಗಳ ಓರೆಯಾಯಿತು, ಹಳದಿ ಟೋಪಿಗಳು ಒಂದರೊಳಗೊಂದು ಕಲಸಿಹೋದವು, ತೊಂಬತ್ತೊಂಬತ್ತು ಪಾಯಿಂಟ್ ಮೂರು ಕಿಲೋ ಮಂಡಿಯ ಕೆಳಗಿನಿಂದ ಜಾರಿ ಅವನು ನೆಲಕ್ಕೆ ಕುಸಿದು ಕೂತ. ಬಾಯಿ ಮಾತ್ರ ಇನ್ನೂ ಆಡುತ್ತಿತ್ತು. ಕಂಬಿ ಕಟ್ಟುವವನೂ ಲಿಫ್ಟಿನವನೂ ಅವನನ್ನು ಎತ್ತಲು ಓಡಿ ಬಂದರು. ಗಿಳಿ ಬಾವುಟದ ಕೋಲನ್ನು ಅವರ ಎದೆಗೆ ಅಡ್ಡ ಹಿಡಿದ.

"ತಡೀರಿ," ಎಂದ. "ಹೇಳಿ ಮುಗಿಸ್ಲಿ."